ಅರಬ್ ಸಮಾಜಗಳಲ್ಲಿ ಹವ್ಯಾಸಿ ಪೋಲ್ ಡ್ಯಾನ್ಸ್

ನೆಲದಿಂದ ಚಾವಣಿಯವರೆಗೆ ನೆಟ್ಟ ಲೋಹದ ಕಂಬವನ್ನು ಹಿಡಿದು ಹತ್ತುವ, ಅದರ ಸುತ್ತ ತಿರುಗುವ, ಅದಕ್ಕೆ ಕಾಲು ಹೆಣೆದು ತಲೆಕೆಳಗಾಗಿ ತೂಗುವ ಕಸರತ್ತಿಗೂ ಅದನ್ನು ಸಂಗೀತಕ್ಕೆ ಹೊಂದಿಸಿದ ಕುಣಿತಕ್ಕೂ ಪೋಲ್ ಡ್ಯಾನ್ಸ್ ಎಂದು ಹೆಸರು. ಹೊಟ್ಟೆಪಾಡಿಗಾಗಿ ಕ್ಲಬ್ಬುಗಳಲ್ಲಿ ಇದನ್ನು ಮಾಡುವವರು ಬೇರೆ. ಮೈಗಟ್ಟಿಗಾಗಿ, ಖುಷಿಗಾಗಿ, ಒಮ್ಮೊಮ್ಮೆ ಸ್ಪರ್ಧೆಗಾಗಿ ಶುಲ್ಕ ಕೊಟ್ಟು ಕಲಿಯುವವರು ಬೇರೆ. ಈ ಎರಡನೆಯ ಬಗೆಯೇ ಹವ್ಯಾಸಿ ಪೋಲ್ ಡ್ಯಾನ್ಸ್. ಉತ್ತರ ಅಮೆರಿಕದಲ್ಲಿ 1990ರ ದಶಕದಲ್ಲಿ ಶುರುವಾದ ಈ ರೂಢಿ 2010ರ ದಶಕದಲ್ಲಿ ಬೈರೂತ್, ಕೈರೋ, ದುಬೈ ನಗರಗಳಲ್ಲಿ ಕಾಣಿಸಿಕೊಂಡಿತು. ಸೌದಿ ಅರೇಬಿಯಾದ ರಾಜಧಾನಿ ರಿಯಾದ್‌ನ ಕೆಲವು ಮಹಿಳಾ ಜಿಮ್‌ಗಳಲ್ಲಿ 2022ರ ಹೊತ್ತಿಗೆ ಇದರ ತರಗತಿಗಳು ನಡೆಯುತ್ತಿದ್ದವು.

ಅರಬ್ ಜಗತ್ತು ಎಂದು ಒಂದೇ ಉಸಿರಿನಲ್ಲಿ ಹೇಳುವುದು ಸುಲಭ, ಆದರೆ ಬೈರೂತ್‌ಗೂ ರಿಯಾದ್‌ಗೂ ಇರುವ ಅಂತರ ದೊಡ್ಡದು. ಒಂದರ ಕಡಲ ತೀರದಲ್ಲಿ ಬಿಕಿನಿ ಹೊಸದಲ್ಲ; ಇನ್ನೊಂದರಲ್ಲಿ ಹೆಂಗಸರ ಜಿಮ್‌ಗೆ ಸರ್ಕಾರದ ಪರವಾನಗಿ ಸಿಗತೊಡಗಿದ್ದೇ 2017ರಲ್ಲಿ. ಹಾಗಿದ್ದರೂ ಕಂಬದ ಸುತ್ತ ಏಳುವ ತಕರಾರು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಗಂಟಿಗೆ ಬಂದು ನಿಲ್ಲುತ್ತದೆ. ಹೆಣ್ಣು ಕುಣಿದಳೇ ಎಂಬುದು ಅಲ್ಲಿ ಅಷ್ಟು ದೊಡ್ಡ ಪ್ರಶ್ನೆಯಲ್ಲ. ಕುಣಿದದ್ದನ್ನು ಯಾರು ನೋಡಿದರು ಎಂಬುದೇ ಪ್ರಶ್ನೆ.

ಕಂಬದ ಹಿನ್ನೆಲೆ

ಕಂಬ ಹತ್ತುವ ಕಸರತ್ತು ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲಕಂಬದ ಉಲ್ಲೇಖವಿದೆಯೆಂದು ಆ ಕ್ರೀಡೆಯ ಚರಿತ್ರೆ ಬರೆದವರು ತೋರಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪೇಶ್ವೆ ಎರಡನೆಯ ಬಾಜಿರಾಯನ ಕಾಲದ ಬಾಳಂಭಟ್ಟ ದಾದಾ ದೇವಧರ ಅದಕ್ಕೆ ಮರುಜೀವ ಕೊಟ್ಟ. ಉತ್ತರ ಕರ್ನಾಟಕದ ಊರುಗಳಲ್ಲಿ ಇವತ್ತಿಗೂ ಹುಡುಗರು, ಈಚೆಗೆ ಹುಡುಗಿಯರೂ, ಎಣ್ಣೆ ಹಚ್ಚಿದ ಮರದ ಕಂಬದ ಮೇಲೆ ಪಟ್ಟು ಹಾಕುತ್ತಾರೆ. ಚೀನಾದ ಸರ್ಕಸ್ಸಿನವರದು ರಬ್ಬರು ಸುತ್ತಿದ ಕಂಬ, ಮೈತುಂಬ ಬಟ್ಟೆ. ಇಂದಿನ ಪೋಲ್ ಕ್ರೀಡೆಯ ಪ್ರಚಾರಕರು ಈ ಎರಡನ್ನೂ ತಮ್ಮ ಪೂರ್ವಜರೆಂದು ಹೇಳಿಕೊಳ್ಳುತ್ತಾರೆ. ಪಟ್ಟುಗಳ ಹೋಲಿಕೆ ನಿಜ. ವಂಶಾವಳಿ ಮಾತ್ರ ಅಷ್ಟು ನೇರವಾಗಿಲ್ಲ: ಹವ್ಯಾಸಿ ಪೋಲ್ ಡ್ಯಾನ್ಸ್ ಬಂದದ್ದು ಅಮೆರಿಕ, ಕೆನಡಾಗಳ ಸ್ಟ್ರಿಪ್ ಕ್ಲಬ್ಬುಗಳಿಂದ.

ಆ ಕ್ಲಬ್ಬುಗಳ ಹಿಂದಿನ ಕತೆಯಲ್ಲಿ ಅರಬರದೂ ಒಂದು ಪಾತ್ರವಿದೆ. 1893ರ ಶಿಕಾಗೊ ವಿಶ್ವಮೇಳದಲ್ಲಿ ‘ಕೈರೋದ ಬೀದಿ’ ಎಂಬ ಹೆಸರಿನ ಪ್ರದರ್ಶನ ನಿರ್ಮಾಣವಾಗಿತ್ತು. ಮೇಳದ ಮನರಂಜನೆ ವಿಭಾಗ ಸೋಲ್ ಬ್ಲೂಮ್ ಎಂಬ ಉದ್ಯಮಿಯ ಉಸ್ತುವಾರಿಯಲ್ಲಿತ್ತು. ಸೊಂಟ ಕುಲುಕಿಸುವ ಅಲ್ಲಿನ ನೃತ್ಯ ನೋಡಿ ಅಮೆರಿಕನ್ನರು ಬೆಚ್ಚಿದರು, ಮುಗಿಬಿದ್ದೂ ನೋಡಿದರು. ‘ಲಿಟ್ಲ್ ಈಜಿಪ್ಟ್’ ಎಂಬ ಹೆಸರು ಹೊತ್ತ ಅನುಕರಣೆಯ ನರ್ತಕಿಯರು ಊರೂರು ಸುತ್ತುವ ಜಾತ್ರೆ ಡೇರೆಗಳಲ್ಲಿ ಹುಟ್ಟಿಕೊಂಡರು. ‘ಹೂಚಿ-ಕೂಚಿ’ ಎಂದು ಹೆಸರಾದ ಅವರ ಕುಣಿತ ಬರ್ಲೆಸ್ಕ್ ರಂಗಕ್ಕೆ, ಅಲ್ಲಿಂದ ಸ್ಟ್ರಿಪ್ ಕ್ಲಬ್ಬಿಗೆ ಹರಿದುಬಂತು. ಡೇರೆಯ ನಡುಗಂಬವೇ ಮುಂದೆ ನೃತ್ಯದ ಕಂಬವಾಯಿತೆಂಬ ಜನಪ್ರಿಯ ಕತೆಗೆ ಗಟ್ಟಿ ಆಧಾರವಿಲ್ಲ. ಆದರೆ ಪಶ್ಚಿಮದ ಕಾಮುಕ ಕಲ್ಪನೆಗೆ ‘ಪೂರ್ವದ ಹೆಣ್ಣು’ ಸರಕಾದದ್ದು ಇಂಥ ಡೇರೆಗಳಲ್ಲೇ. ಪೋಲ್ ಡ್ಯಾನ್ಸ್ ಪಶ್ಚಿಮದ ಕೊಳಕು ಎಂದು ಕೈರೋದ ಟಿ.ವಿ. ಚರ್ಚೆಗಾರರು ಹೇಳುವಾಗಲೂ, ಅದು ಅರಬ್ ಹೆಣ್ಣನ್ನು ಬಿಡುಗಡೆ ಮಾಡುತ್ತಿದೆ ಎಂದು ಪಶ್ಚಿಮದ ಪತ್ರಿಕೆಗಳು ಹೇಳುವಾಗಲೂ ಈ ಹಳೆಯ ಕೊಡುಕೊಳೆ ಇಬ್ಬರಿಗೂ ನೆನಪಿರುವುದಿಲ್ಲ.

1990ರ ದಶಕದಲ್ಲಿ ಕೆನಡಾದ ಫಾನಿಯಾ ಮಾಂಡೆ ಈ ಕಲೆಯನ್ನು ಕ್ಲಬ್ಬಿನಾಚೆಯ ಹೆಂಗಸರಿಗೆ ಕಲಿಸಲು ತೊಡಗಿದರು, ಪಾಠದ ವಿಡಿಯೊಗಳನ್ನೂ ತಂದರು. 2009ರಲ್ಲಿ ಬ್ರಿಟನ್ನಿನ ಕೇಟೀ ಕೋಟ್ಸ್ ಅಂತರರಾಷ್ಟ್ರೀಯ ಪೋಲ್ ಕ್ರೀಡಾ ಒಕ್ಕೂಟ ಕಟ್ಟಿದರು. ಅಂತರರಾಷ್ಟ್ರೀಯ ಕ್ರೀಡಾ ಒಕ್ಕೂಟಗಳ ಮಹಾಮಂಡಲ 2017ರ ಅಕ್ಟೋಬರಿನಲ್ಲಿ ಅದಕ್ಕೆ ವೀಕ್ಷಕ ಸ್ಥಾನ ಕೊಟ್ಟಿತು. ಅರಬ್ ನಗರಗಳ ಶಿಕ್ಷಕಿಯರಿಗೆ ಈ ಸ್ಥಾನಮಾನ ತುಂಬ ಉಪಯೋಗಕ್ಕೆ ಬಂತು. ಮನೆಯವರ ಮುಂದೆ ‘ಇದು ಕ್ರೀಡೆ’ ಎಂದು ವಾದಿಸಲು ಒಂದು ಆಧಾರವಾದರೂ ಸಿಕ್ಕಿತಲ್ಲ.

ಚರ್ಮ ಮತ್ತು ಹಿಡಿತ

ಸ್ಪರ್ಧೆಯ ಕಂಬದ ಅಡ್ಡಳತೆ 45 ಮಿ.ಮೀ. ಉಕ್ಕು, ಕ್ರೋಮ್ ಲೇಪ, ಹಿತ್ತಾಳೆ ಹೀಗೆ ಹಲವು ಬಗೆ. ಅಲುಗದೆ ನಿಂತದ್ದು ಒಂದು, ಬೇರಿಂಗಿನ ಮೇಲೆ ತಿರುಗುವುದು ಇನ್ನೊಂದು. ನಯವಾದ ಲೋಹವನ್ನು ಬಟ್ಟೆ ಹಿಡಿಯದು, ಬರಿ ಚರ್ಮ ಹಿಡಿಯುತ್ತದೆ. ಒಳತೊಡೆ, ಮಂಡಿಯ ಹಿಂಬದಿ, ಕಂಕುಳು, ಸೊಂಟದ ಪಕ್ಕ, ಈ ಜಾಗಗಳಲ್ಲೇ ಮೈಭಾರವೆಲ್ಲ ನಿಲ್ಲಬೇಕು. ಅದಕ್ಕೇ ಎಲ್ಲೆಲ್ಲಿಯೂ ಕಲಿಯುವವರು ಗಿಡ್ಡ ಚಡ್ಡಿ, ತೋಳಿಲ್ಲದ ಮೇಲಂಗಿ ತೊಡುತ್ತಾರೆ. ತರಗತಿಯ ದಿನ ಮೈಗೆ ಲೋಶನ್ ಹಚ್ಚುವುದಿಲ್ಲ. ಬೆವರಿಗೆ ಚಾಕ್ ಪುಡಿ, ಬೀಳುವ ಭಯಕ್ಕೆ ದಪ್ಪ ಹಾಸು. ಮೊದಲ ತಿಂಗಳುಗಳಲ್ಲಿ ತೊಡೆಯ ಮೇಲೆ ಕಂದು, ನೀಲಿ ಕಲೆಗಳು ಏಳುವುದು ಮಾಮೂಲು. ಮನೆಯವರಿಗೆ ಹೇಳದೆ ಬಂದವರಿಗೆ ಈ ಕಲೆಗಳೇ ತಲೆನೋವು.

ಬಟ್ಟೆಯ ಪ್ರಶ್ನೆ ಹೆಂಗಸರೇ ಇರುವ ಕೋಣೆಯಲ್ಲೂ ತೀರುವುದಿಲ್ಲ. ಸುನ್ನಿ ಧರ್ಮಶಾಸ್ತ್ರಜ್ಞರಲ್ಲಿ ಹೆಚ್ಚಿನವರ ಅಭಿಪ್ರಾಯದಂತೆ ಒಬ್ಬ ಮುಸ್ಲಿಂ ಹೆಣ್ಣು ಇನ್ನೊಬ್ಬ ಮುಸ್ಲಿಂ ಹೆಣ್ಣಿನ ಎದುರಲ್ಲೂ ಹೊಕ್ಕುಳಿನಿಂದ ಮಂಡಿಯವರೆಗೆ ಮೈ ಮುಚ್ಚಿಕೊಳ್ಳಬೇಕು. ಕಂಬ ಕೇಳುವುದು ಸರಿಯಾಗಿ ಆ ಭಾಗದ ಚರ್ಮವನ್ನೇ. ಹಾಗಾಗಿ ಧರ್ಮನಿಷ್ಠೆಯುಳ್ಳ ಕಲಿಕೆಗಾರ್ತಿಗೆ ಗಂಡಸರು ಇಲ್ಲ ಎಂಬುದಷ್ಟೇ ಸಮಾಧಾನವಲ್ಲ. ಕೆಲವರು ತೊಡೆ ಬೇಡದ, ಕೈ-ತೋಳಿನ ಬಲದ ಪಟ್ಟುಗಳಿಗೇ ನಿಲ್ಲುತ್ತಾರೆ. ಸಿಲಿಕೋನ್ ಹೊದಿಕೆಯ ಕಂಬ ಬಂದ ಮೇಲೆ ಉದ್ದ ಪ್ಯಾಂಟ್ ತೊಟ್ಟೂ ಹತ್ತಲು ಸಾಧ್ಯವಾಗಿದೆ, ಆದರೆ ಅದು ಬಟ್ಟೆಯನ್ನು ಹಿಡಿದುಕೊಳ್ಳುವುದರಿಂದ ಜಾರಿ ತಿರುಗುವ ಪಟ್ಟುಗಳು ಅದರ ಮೇಲೆ ಬರುವುದಿಲ್ಲ. ಇನ್ನು ಹಲವರು ಈ ಅಭಿಪ್ರಾಯವನ್ನು ಬಲ್ಲರು, ಮನ್ನಿಸುತ್ತಾರೆ, ಆದರೂ ಚಡ್ಡಿ ತೊಡುತ್ತಾರೆ. ಶಾಸ್ತ್ರಕ್ಕೂ ಬದುಕಿಗೂ ಇಷ್ಟು ಅಂತರ ಇಟ್ಟುಕೊಳ್ಳದ ಸಮಾಜ ಯಾವುದೂ ಇಲ್ಲ.

ಕುಣಿತದ ಎರಡು ಲೋಕ

ಅರಬ್ ಹೆಣ್ಣುಮಕ್ಕಳು ಕುಣಿಯುವುದಿಲ್ಲ ಎಂದು ತಿಳಿದವರು ಒಂದು ಮದುವೆ ಮನೆ ನೋಡಬೇಕು. ಮದರಂಗಿ ರಾತ್ರಿಯಲ್ಲಿ, ಹೆಂಗಸರ ಮದುವೆ ಹಾಲಿನಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಕುಣಿಯುತ್ತಾರೆ. ಕೊಲ್ಲಿ ನಾಡುಗಳಲ್ಲಿ ಜರತಾರಿಯ ಅಗಲ ನಿಲುವಂಗಿ ತೊಟ್ಟು, ಬಿಚ್ಚಿದ ಕೂದಲನ್ನು ಎಡಬಲ ಬೀಸುವ ಕುಣಿತ ಪ್ರಸಿದ್ಧ. ಈಜಿಪ್ಟಿನಲ್ಲಿ ಚಿಕ್ಕ ಹುಡುಗಿಗೆ ಸೊಂಟಕ್ಕೆ ಶಾಲು ಕಟ್ಟಿ ಕುಣಿಸಿ ನಗುವುದು ಮನೆಮನೆಯ ಸಂಗತಿ. ಆ ಹಾಲಿನೊಳಗೆ ಆಳವಾದ ಕುತ್ತಿಗೆಯ ಉಡುಪೂ ನಡೆಯುತ್ತದೆ. ಸೌದಿಯ ಮದುವೆಗಳಲ್ಲಿ ಹೆಂಗಸರ ಬಾಗಿಲಲ್ಲೇ ಕ್ಯಾಮೆರಾ ಫೋನ್ ತೆಗೆದಿಡಿಸುವ ರೂಢಿ ಬಂದದ್ದು ಇದನ್ನು ಕಾಯಲೆಂದೇ. ಆ ದೇಶ ಕ್ಯಾಮೆರಾ ಫೋನುಗಳನ್ನೇ ಕೆಲಕಾಲ ನಿಷೇಧಿಸಿ 2004ರ ಕೊನೆಯಲ್ಲಿ ನಿಷೇಧ ತೆರವು ಮಾಡಿತು.

ಕಳಂಕ ಅಂಟುವುದು ದುಡ್ಡಿಗಾಗಿ, ಪರಗಂಡಸರ ಮುಂದೆ ಕುಣಿಯುವವಳಿಗೆ. 1834ರಲ್ಲಿ ಈಜಿಪ್ಟಿನ ಮುಹಮ್ಮದ್ ಅಲಿ ಪಾಷಾ ಕೈರೋದ ವೃತ್ತಿನರ್ತಕಿಯರನ್ನು ದಕ್ಷಿಣದ ಊರುಗಳಿಗೆ ಗಡೀಪಾರು ಮಾಡಿದ. 1926ರಲ್ಲಿ ಬದೀಆ ಮಸಾಬ್ನಿ ಕೈರೋದಲ್ಲಿ ತನ್ನ ರಂಗಶಾಲೆ ತೆರೆದಳು. ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್‌ರಂಥವರು ಅಲ್ಲಿಂದಲೇ ಚಿತ್ರರಂಗಕ್ಕೆ ಹೋಗಿ ದೇಶದ ಮನೆಮಾತಾದರು. ಆದರೂ ಅಂಥ ಹೆಣ್ಣು ತನ್ನ ಮನೆಗೆ ಸೊಸೆಯಾಗಿ ಬರುವುದು ಬೇಡ ಎಂಬ ಮಾತು ಹಾಗೇ ಉಳಿಯಿತು. ಡಚ್ ಮಾನವಶಾಸ್ತ್ರಜ್ಞೆ ಕಾರಿನ್ ವಾನ್ ನ್ಯೂಕರ್ಕ್ ಈಜಿಪ್ಟಿನ ಗಾಯಕಿ, ನರ್ತಕಿಯರ ಬಗ್ಗೆ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಹೆಂಗಸರು ತಮ್ಮದೂ ಎಲ್ಲರಂತೆ ಒಂದು ಕಸುಬು ಎಂದು ವಾದಿಸುವುದನ್ನೂ, ನೆರೆಹೊರೆ ಅದನ್ನು ಒಪ್ಪದಿರುವುದನ್ನೂ ವಿವರವಾಗಿ ದಾಖಲಿಸಿದ್ದಾರೆ.

ಕಂಬ ಈ ಎರಡು ಲೋಕಗಳ ನಡುವಿನ ಗೆರೆಯನ್ನು ಕಲಸಿಬಿಡುತ್ತದೆ. ಕಲಿಯುವ ಜಾಗ ಮದುವೆ ಹಾಲಿನಂಥದ್ದು: ಹೆಂಗಸರೇ ಇರುವ, ಪರದೆ ಎಳೆದ, ಫೋನಿಗೆ ಕಟ್ಟಳೆಯಿರುವ ಕೋಣೆ. ಕಲಿಯುವ ವಸ್ತು ಮಾತ್ರ ಸಿನಿಮಾದ ಕ್ಯಾಬರೆ ದೃಶ್ಯ ನೆನಪಿಸುವಂಥದ್ದು. ಲೆಬನಾನಿನಲ್ಲಂತೂ ಕಂಬ ಎಂದರೆ ನೆನಪಾಗುವುದು ಜೂನಿಯೆ ಬಳಿಯ ಮಾಮೆಲ್ತೈನ್ ಕರಾವಳಿಯ ‘ಸೂಪರ್ ನೈಟ್‌ಕ್ಲಬ್ಬು’ಗಳು. ‘ಕಲಾವಿದೆ’ ಎಂಬ ಹೆಸರಿನ ವೀಸಾ ಕೊಟ್ಟು ಪೂರ್ವ ಯುರೋಪಿನ ಹೆಂಗಸರನ್ನು ಅಲ್ಲಿ ದುಡಿಸುವುದು ಎಲ್ಲರಿಗೂ ಗೊತ್ತಿರುವ ವ್ಯವಸ್ಥೆ. ಬೈರೂತಿನ ಬಡಾವಣೆಯೊಂದರ ಸ್ಟುಡಿಯೊದಲ್ಲಿ ಹಗಲು ಹೊತ್ತು ಕಂಬ ಹತ್ತುವ ಬ್ಯಾಂಕ್ ಉದ್ಯೋಗಿಗೆ ಆ ಕ್ಲಬ್ಬಿಗೂ ತನಗೂ ಏನೇನೂ ಸಂಬಂಧವಿಲ್ಲ. ನಾಲ್ಕು ಜನ ಹಾಗೆ ತಿಳಿಯಬೇಕಲ್ಲ!

ಬಾಗಿಲಾಚೆ ಹೋದಾಗ

ನೋಟದ ಪ್ರಶ್ನೆ ಎಷ್ಟು ಗಟ್ಟಿಯಾದದ್ದು ಎಂಬುದಕ್ಕೆ ಸೌದಿಯ 2018 ಒಳ್ಳೆಯ ಸಾಕ್ಷಿ. 2016ರ ಏಪ್ರಿಲಿನಲ್ಲಿ ಪ್ರಕಟವಾದ ಸರ್ಕಾರದ ಸುಧಾರಣಾ ಯೋಜನೆ ‘ವಿಷನ್ 2030’ ವಾರಕ್ಕೊಮ್ಮೆಯಾದರೂ ವ್ಯಾಯಾಮ ಮಾಡುವವರ ಪ್ರಮಾಣವನ್ನು ಶೇ. 13ರಿಂದ 40ಕ್ಕೆ ಏರಿಸುವ ಗುರಿ ಇಟ್ಟುಕೊಂಡಿತು. ಅದೇ ತಿಂಗಳು ಧಾರ್ಮಿಕ ಪೊಲೀಸರ ಬಂಧನಾಧಿಕಾರ ಹೋಯಿತು. 2017ರಲ್ಲಿ ಹೆಂಗಸರ ಜಿಮ್‌ಗಳಿಗೆ ಪರವಾನಗಿ, ಸರ್ಕಾರಿ ಶಾಲೆಯ ಹುಡುಗಿಯರಿಗೆ ದೈಹಿಕ ಶಿಕ್ಷಣ. ಯೋಗಕ್ಕೂ ಅದೇ ವರ್ಷ ಕ್ರೀಡೆಯ ಮಾನ್ಯತೆ. ಅದಕ್ಕಾಗಿ ದುಡಿದ ನೌಫ್ ಮರ್ವಾಯಿ ಅವರಿಗೆ ಭಾರತ 2018ರಲ್ಲಿ ಪದ್ಮಶ್ರೀ ಕೊಟ್ಟಿತು. ಇಷ್ಟೆಲ್ಲ ಬಾಗಿಲು ತೆರೆದ ಆಡಳಿತವೇ 2018ರ ಏಪ್ರಿಲಿನಲ್ಲಿ ರಿಯಾದಿನ ಒಂದು ಮಹಿಳಾ ಫಿಟ್‌ನೆಸ್ ಕೇಂದ್ರದ ಪರವಾನಗಿ ತಡೆಹಿಡಿಯಿತು. ಒಳಗೆ ನಡೆಯುತ್ತಿದ್ದ ವ್ಯಾಯಾಮಕ್ಕೆ ಆಕ್ಷೇಪವಿರಲಿಲ್ಲ. ಬಿಗಿ ಉಡುಪಿನ ಹೆಣ್ಣೊಬ್ಬಳು ವ್ಯಾಯಾಮ ಮಾಡುವ ಪ್ರಚಾರದ ವಿಡಿಯೊ ಜಾಲತಾಣಗಳಲ್ಲಿ ಹರಿದಾಡಿದ್ದೇ ತಪ್ಪಾಯಿತು. ಎರಡು ತಿಂಗಳ ನಂತರ ರಿಯಾದಿಗೆ ಬಂದ ರಷ್ಯನ್ ಸರ್ಕಸ್ಸಿನ ಕಲಾವಿದೆಯರ ಮೈಗಂಟಿದ ಉಡುಪಿನ ಚಿತ್ರಗಳು ಹಬ್ಬಿ ಗದ್ದಲವೆದ್ದಿತು; ಮನರಂಜನಾ ಪ್ರಾಧಿಕಾರದ ಮುಖ್ಯಸ್ಥ ಅಹ್ಮದ್ ಅಲ್-ಖತೀಬ್‌ರನ್ನು ರಾಜಾಜ್ಞೆಯ ಮೂಲಕ ಕೈಬಿಡಲಾಯಿತು. ಆಜ್ಞೆಯಲ್ಲಿ ಕಾರಣ ಬರೆದಿರಲಿಲ್ಲ, ಊರೆಲ್ಲ ಸರ್ಕಸ್ಸನ್ನೇ ಕಾರಣವೆಂದಿತು.

ಇಂಥ ನೆಲದಲ್ಲಿ ಪೋಲ್ ತರಗತಿ ನಡೆಸುವ ಜಿಮ್ ಇಕ್ಕಟ್ಟಿನಲ್ಲಿರುತ್ತದೆ. ಗಿರಾಕಿಗಳು ಬರಬೇಕಾದರೆ ಇನ್‌ಸ್ಟಾಗ್ರಾಮ್ ಬೇಕು. ಇನ್‌ಸ್ಟಾಗ್ರಾಮಿನಲ್ಲಿ ಚಿತ್ರ ಬಂದರೆ ಗಂಡಾಂತರ. ಅದಕ್ಕೇ ಮುಖ ಕತ್ತರಿಸಿದ ಚಿತ್ರಗಳು, ಬೆನ್ನ ಕಡೆಯ ನೋಟ, ನೆರಳಿನ ಆಕೃತಿ. ಫಲಕದಲ್ಲೂ ಡ್ಯಾನ್ಸ್ ಎಂಬ ಪದ ತೆಗೆದು ‘ಪೋಲ್ ಫಿಟ್‌ನೆಸ್’ ಎನ್ನುವವರೇ ಹೆಚ್ಚು. ಎತ್ತರದ ಹಿಮ್ಮಡಿಯ ಬೂಟು, ಸೊಂಟದ ಬಳುಕು ಬಿಟ್ಟು ಜಿಮ್ನಾಸ್ಟಿಕ್ಸಿನಂಥ ಪಟ್ಟುಗಳಿಗೆ ಒತ್ತು ಬೀಳುತ್ತದೆ. ರಿಯಾದಿನಲ್ಲಿ ಕಲಿಯುವ ಹೆಂಗಸರು 2022ರಲ್ಲಿ ಸುದ್ದಿಸಂಸ್ಥೆಗಳೊಂದಿಗೆ ಮಾತಾಡಿದಾಗ ಕೆಲವರು ಪೂರ್ಣ ಹೆಸರು ಕೊಡಲಿಲ್ಲ. ಮೈ ಗಟ್ಟಿಯಾದದ್ದು, ಕನ್ನಡಿ ಮುಂದೆ ನಿಲ್ಲುವ ಧೈರ್ಯ ಬಂದದ್ದು ಅವರ ಮಾತಿನ ಒಂದು ಭಾಗ. ಮನೆಯವರು, ಗೆಳತಿಯರು ಐಬು ಎಂದು ಮುಖ ತಿರುಗಿಸಿದ್ದು ಇನ್ನೊಂದು.

ಹೆದರಿಕೆಗೆ ಕಾರಣವಿಲ್ಲದಿಲ್ಲ. ಸೌದಿಯ ಫಿಟ್‌ನೆಸ್ ಶಿಕ್ಷಕಿ ಮನಾಹಿಲ್ ಅಲ್-ಒತೈಬಿ 2022ರ ನವೆಂಬರಿನಲ್ಲಿ ಬಂಧಿತರಾದರು; ಅವರ ಉಡುಪು ಮತ್ತು ಹೆಣ್ಣಿನ ಹಕ್ಕುಗಳ ಪರವಾದ ಬರಹಗಳಿಗಾಗಿ ವಿಶೇಷ ನ್ಯಾಯಾಲಯ 2024ರ ಜನವರಿಯಲ್ಲಿ ಹನ್ನೊಂದು ವರ್ಷದ ಶಿಕ್ಷೆ ವಿಧಿಸಿತೆಂದು ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ಬಹಿರಂಗಪಡಿಸಿತು. ಪೋಲ್ ಡ್ಯಾನ್ಸಿಗೂ ಆ ಮೊಕದ್ದಮೆಗೂ ನಂಟಿಲ್ಲ. ಆದರೆ ಒಳಗೆ ಏನು ಸರಿ, ಹೊರಗೆ ಏನು ಅಪರಾಧ ಎಂಬ ಗೆರೆಯನ್ನು ಎಳೆಯುವವರು ಯಾರು ಎಂಬುದನ್ನು ಅದು ಚೆನ್ನಾಗಿ ತಿಳಿಸುತ್ತದೆ. ಕುವೈತಿನಲ್ಲಿ ಹೊಟ್ಟೆನೃತ್ಯ ಕಲಿಸುತ್ತಿದ್ದ ಜಿಮ್ ಒಂದನ್ನು ಅಧಿಕಾರಿಗಳು ಮುಚ್ಚಿಸಿದರು; 2022ರ ಫೆಬ್ರವರಿಯಲ್ಲಿ ಸಂಸದ ಹಮ್ದಾನ್ ಅಲ್-ಅಜ್ಮಿ ಆಕ್ಷೇಪಿಸಿದ ಮೇಲೆ ಮರಳುಗಾಡಿನಲ್ಲಿ ನಡೆಯಬೇಕಿದ್ದ ಹೆಂಗಸರ ಯೋಗ ಶಿಬಿರವೂ ನಿಂತಿತು. ಅದನ್ನು ವಿರೋಧಿಸಿ ಹೆಂಗಸರು ಸಂಸತ್ತಿನ ಹೊರಗೆ ಪ್ರತಿಭಟಿಸಿದರು.

ಈಜಿಪ್ಟಿನಲ್ಲಿ ತಡೆಗೋಡೆ ಬೇರೆ ರೀತಿಯದು. 2018ರ ಸೈಬರ್ ಅಪರಾಧ ಕಾನೂನಿನ 25ನೆಯ ವಿಧಿ ‘ಈಜಿಪ್ಟಿನ ಕೌಟುಂಬಿಕ ಮೌಲ್ಯ’ಗಳನ್ನು ಮೀರುವುದನ್ನು ಅಪರಾಧ ಮಾಡಿತು. 2020ರಿಂದೀಚೆಗೆ ಟಿಕ್‌ಟಾಕಿನಲ್ಲಿ ಹಾಡಿಗೆ ಹೆಜ್ಜೆ ಹಾಕಿದ ಯುವತಿಯರು ಜೈಲು ಕಂಡರು. 2022ರ ಜನವರಿಯಲ್ಲಿ ನಡೆದದ್ದು ಇನ್ನೂ ಮಾತಾಡಿಸುವಂಥ ಪ್ರಸಂಗ: ನೈಲ್ ನದಿಯ ದೋಣಿ ವಿಹಾರದಲ್ಲಿ ಸಹೋದ್ಯೋಗಿಗಳ ಜೊತೆ, ತಲೆವಸ್ತ್ರ ತೊಟ್ಟೇ ಕುಣಿದ ಶಾಲಾ ಶಿಕ್ಷಕಿಯೊಬ್ಬರನ್ನು ಯಾರೋ ವಿಡಿಯೊ ಮಾಡಿ ಹರಿಬಿಟ್ಟರು. ಕೆಲಸ ಹೋಯಿತು, ಗಂಡ ತಲಾಕ್ ಕೊಟ್ಟ. ಅವರ ಬೆಂಬಲಕ್ಕೆ ಹಲವು ಹೆಂಗಸರು ತಾವು ಕುಣಿಯುವ ವಿಡಿಯೊಗಳನ್ನು ಹಾಕಿದರು. ಕೊನೆಗೆ ಬೇರೊಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಆ ದೋಣಿಯಲ್ಲಿ ಕಂಬವಿರಲಿಲ್ಲ, ಗಿಡ್ಡ ಬಟ್ಟೆಯಿರಲಿಲ್ಲ, ಇದ್ದದ್ದು ಒಂದು ಫೋನ್.

ಯಾರ ಸಬಲೀಕರಣ

ಪೋಲ್ ಡ್ಯಾನ್ಸ್ ಹೆಣ್ಣಿಗೆ ಬಲ ಕೊಡುತ್ತದೆಯೇ ಎಂಬ ಜಗಳ ಮೊದಲು ನಡೆದದ್ದು ಪಶ್ಚಿಮದಲ್ಲಿ. ಅಮೆರಿಕದ ಪತ್ರಕರ್ತೆ ಏರಿಯಲ್ ಲೆವಿ 2005ರ ತಮ್ಮ ಪುಸ್ತಕದಲ್ಲಿ ಗಂಡಸಿನ ಕಾಮನೆಯ ಅಚ್ಚಿಗೆ ತಾವೇ ಹೋಗಿ ಬೀಳುವುದನ್ನು ಹೆಂಗಸರು ಸ್ವಾತಂತ್ರ್ಯವೆಂದು ಕರೆಯುತ್ತಿದ್ದಾರೆ ಎಂದು ಟೀಕಿಸಿದರು. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಸಮಂತಾ ಹಾಲಂಡ್ 2010ರಲ್ಲಿ ತರಗತಿಗಳನ್ನೇ ಅಧ್ಯಯನ ಮಾಡಿ, ಅಲ್ಲಿ ನೋಡುವ ಗಂಡಸೇ ಇಲ್ಲ, ಇರುವುದು ಗೆಳೆತನ, ಮೈಯ ತಾಕತ್ತಿನ ಸಂತೋಷ ಎಂದು ತೋರಿಸಿದರು. ಅರಬ್ ನಗರಗಳಿಗೆ ಹಾಲಂಡ್ ಹೇಳುವುದು ಹೆಚ್ಚು ಹೊಂದುತ್ತದೆ. ವಿಶ್ವಸಂಸ್ಥೆಯ ಮಹಿಳಾ ವಿಭಾಗದ 2013ರ ಸಮೀಕ್ಷೆಯಲ್ಲಿ ಮಾತಾಡಿಸಿದ ಈಜಿಪ್ಟಿನ ಹೆಂಗಸರಲ್ಲಿ ಶೇ. 99.3 ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಕಂಡಿದ್ದರು. ಬೀದಿಯಲ್ಲಿ ಹೆಜ್ಜೆಹೆಜ್ಜೆಗೂ ತನ್ನನ್ನು ಮುಚ್ಚಿಕೊಂಡು, ಕುಗ್ಗಿಸಿಕೊಂಡು ನಡೆಯಬೇಕಾದವಳು ಒಂದು ಗಂಟೆ ಯಾರ ಕಣ್ಣೂ ಇಲ್ಲದ ಕೋಣೆಯಲ್ಲಿ ತನ್ನ ಭಾರವನ್ನು ತಾನೇ ಎತ್ತಿ ನೇತಾಡುವುದಕ್ಕೆ ಬಲ ಎಂಬ ಹೆಸರು ಹೆಚ್ಚಾಗದು.

ಆ ಕೋಣೆಗೆ ಬಾಗಿಲು ಎಲ್ಲರಿಗೂ ತೆರೆದಿಲ್ಲ. ಕೈರೋದ ಮೇಲುಮಧ್ಯಮ ವರ್ಗದ ಕೆಫೆಗಳನ್ನು ಕುರಿತು ಅನೂಕ್ ಡಿ ಕೋನಿಂಗ್ 2009ರಲ್ಲಿ ಬರೆದ ಪುಸ್ತಕ ಇಲ್ಲಿ ನೆರವಿಗೆ ಬರುತ್ತದೆ: ಬೆಲೆಯೇ ಅಲ್ಲಿ ಜರಡಿ, ಒಳಗೆ ಬರುವವರು ‘ನಮ್ಮಂಥವರು’ ಎಂಬ ನಂಬಿಕೆಯಿಂದಲೇ ಹೆಣ್ಣಿನ ಮಾನಕ್ಕೆ ರಕ್ಷಣೆ. ಪೋಲ್ ಸ್ಟುಡಿಯೊಗಳೂ ಇರುವುದು ಕಾರು, ಚಾಲಕ, ಇಂಗ್ಲಿಷ್ ಅಥವಾ ಫ್ರೆಂಚ್ ಮಾತು ಇರುವ ಬಡಾವಣೆಗಳಲ್ಲಿ. ಶ್ರೀಮಂತರ ಮಗಳು ಕಂಬ ಹತ್ತಿದರೆ ಹುಚ್ಚು ಹವ್ಯಾಸ, ಬಡವರ ಮಗಳು ಫೋನಿನ ಮುಂದೆ ಕುಣಿದರೆ ಮೊಕದ್ದಮೆ. ಟಿಕ್‌ಟಾಕ್ ಪ್ರಕರಣಗಳಲ್ಲಿ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಸಾಧಾರಣ ಮನೆಗಳವರು ಎಂಬುದನ್ನು ಈಜಿಪ್ಟಿನ ಸ್ತ್ರೀವಾದಿಗಳೇ ಎತ್ತಿ ತೋರಿಸಿದ್ದಾರೆ. ದುಬೈ ಕತೆ ಬೇರೆ: ಅಲ್ಲಿ ಹೊರದೇಶದವರೇ ಬಹುಸಂಖ್ಯಾತರಾದ್ದರಿಂದ ತರಗತಿಗೆ ಬರುವವರಿಗೆ ಕುಲದ, ನೆರೆಮನೆಯ ಕಣ್ಣು ಅಷ್ಟಾಗಿ ತಾಗುವುದಿಲ್ಲ.

ಪಶ್ಚಿಮದ ಮಾಧ್ಯಮಗಳು ಈ ಹೆಂಗಸರನ್ನು ‘ಬುರ್ಖಾದಿಂದ ಕಂಬಕ್ಕೆ’ ಎಂಬ ಚೌಕಟ್ಟಿನಲ್ಲಿ ಕೂರಿಸಲು ಇಷ್ಟಪಡುತ್ತವೆ. ಮುಸ್ಲಿಂ ಹೆಣ್ಣನ್ನು ಉದ್ಧರಿಸುವ ಹಂಬಲವನ್ನು ಮಾನವಶಾಸ್ತ್ರಜ್ಞೆ ಲೀಲಾ ಅಬು-ಲುಘೊದ್ 2002ರ ಲೇಖನವೊಂದರಲ್ಲಿ ಕಟುವಾಗಿ ಪ್ರಶ್ನಿಸಿದ್ದರು. ಕಂಬ ಕಲಿಯುವವರಲ್ಲಿ ಹಲವರು ನಮಾಜು ಮಾಡುವವರು, ಹೊರಗೆ ಅಬಾಯಾ ತೊಡುವವರು. ಅವರಿಗೆ ಇದು ಧರ್ಮದೊಂದಿಗಿನ ಕಾಳಗವಲ್ಲ, ಬೊಜ್ಜಿನೊಂದಿಗಿನದು, ಬೇಸರದೊಂದಿಗಿನದು.

ಕಳಂಕದಿಂದ ತಪ್ಪಿಸಿಕೊಳ್ಳಲು ಹವ್ಯಾಸಿಗಳು ಎಲ್ಲೆಡೆಯೂ ಹಿಡಿಯುವ ದಾರಿ ‘ನಾವು ಅವರಂಥವರಲ್ಲ’ ಎನ್ನುವುದು. 2015ರ ಸುಮಾರಿಗೆ ಇನ್‌ಸ್ಟಾಗ್ರಾಮಿನಲ್ಲಿ ಪೋಲ್ ಕಲಿಯುವವರು ತಾವು ಸ್ಟ್ರಿಪ್ಪರ್ ಅಲ್ಲ ಎಂಬ ಹ್ಯಾಷ್‌ಟ್ಯಾಗ್ ಹಾಕತೊಡಗಿದಾಗ, ನಮ್ಮ ಕಸುಬನ್ನು ಕದ್ದು ನಮ್ಮನ್ನೇ ಹೊರಗಿಡುತ್ತೀರಲ್ಲ ಎಂದು ಕ್ಲಬ್ಬಿನ ನರ್ತಕಿಯರು ಹೌದು, ನಾವು ಸ್ಟ್ರಿಪ್ಪರ್‌ಗಳೇ ಎಂಬ ಉತ್ತರದ ಹ್ಯಾಷ್‌ಟ್ಯಾಗ್ ಎಬ್ಬಿಸಿದರು. ಕೈರೋ, ಬೈರೂತ್‌ಗಳಲ್ಲಿ ಇಂಥ ಉತ್ತರ ಕೊಡಬಲ್ಲ ಸ್ಥಿತಿಯಲ್ಲಿ ವೃತ್ತಿನರ್ತಕಿಯರಿಲ್ಲ. ಈಜಿಪ್ಟಿನಲ್ಲಿ ಅವರಿಗೆ ಪರವಾನಗಿ ಬೇಕು, ವೇಷದ ಮೇಲೆ ಕಲಾ ಸೆನ್ಸಾರಿನ ಕಣ್ಣಿದೆ. 2018ರ ಫೆಬ್ರವರಿಯಲ್ಲಿ ‘ಗವ್ಹರಾ’ ಎಂಬ ಹೆಸರಿನಲ್ಲಿ ಕುಣಿಯುತ್ತಿದ್ದ ರಷ್ಯನ್ ನರ್ತಕಿಯನ್ನು ಬಂಧಿಸಿದ್ದು ಉಡುಪಿನ ಕಾರಣಕ್ಕೆ. ಹವ್ಯಾಸಿಗಳ ಮಾತಿನಲ್ಲಿ ಇವರ ಪ್ರಸ್ತಾಪ ಬರುವುದು ಹೋಲಿಕೆ ಬೇಡ ಎನ್ನುವಾಗ ಮಾತ್ರ.

ನರ್ತಕಿಯರೂ ಈಚೆಗೆ ಅದೇ ದಾರಿ ಹಿಡಿದಿದ್ದಾರೆ. ಕೈರೋದ ನರ್ತಕಿ ಏಮಿ ಸುಲ್ತಾನ್ ಈಜಿಪ್ಟಿನ ನೃತ್ಯವನ್ನು ನೈಟ್‌ಕ್ಲಬ್ಬಿನಿಂದ ಬಿಡಿಸಿ ರಂಗಮಂದಿರಕ್ಕೆ ತರುವ, ಯುನೆಸ್ಕೊದ ಪರಂಪರೆಯ ಪಟ್ಟಿಗೆ ಸೇರಿಸುವ ಪ್ರಯತ್ನದಲ್ಲಿದ್ದಾರೆ; ಹೊಟ್ಟೆನೃತ್ಯ ಎಂಬ ಹೆಸರನ್ನು ಅವರು ಒಪ್ಪುವುದಿಲ್ಲ.